ಕೋಡುಬಳೆಗೆ ಟೂ

ಹೋದ ವಾರ ನಮ್ಮನೆಯಲ್ಲಿ ಒಂದು ಸೀರೆ ಹರಿಯಿತು. ನನ್ನದಲ್ಲ. ನನ್ನದಾಗಿದ್ದರೆ ಇಷ್ಟೊಂದು ರಾದ್ಧಾಂತ ಆಗುತ್ತಿರಲಿಲ್ಲ.

ಹರಿದದ್ದು ಮಲ್ಲಮ್ಮನ ಸೀರೆ. ಹರಿದವನು ಕೋಡುಬಳೆ, ಅಂದರೆ ನಮ್ಮ ಮೂರು ತಿಂಗಳ ನಾಯಿಮರಿ (ಬಾಲ ನೋಡಿದರೆ ಆ ಹೆಸರು ಯಾಕೆಂದು ನೀವು ಕೇಳುವುದಿಲ್ಲ). ಮಲ್ಲಮ್ಮ ಯಾದಗಿರಿ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಇವಳು ಮರಾಠಿ ಸೀಮೆಯ ವಾಕಡದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಯ ಕಸ, ಪಾತ್ರೆ ನೋಡಿಕೊಳ್ಳುತ್ತಾಳೆ. ಮಿಕ್ಕೆರಡು ಮನೆಯಲ್ಲಿ ಮರಾಠಿ. ಬಾಯ್ತುಂಬ ಕನ್ನಡ ಮಾತಾಡಲು ಸಿಗುವುದು ನಮ್ಮಲ್ಲೇ. ಅಂಥ ಮಲ್ಲಮ್ಮ ಹರಿದ ಅಂಚು ಕೈಯಲ್ಲಿ ಹಿಡಿದು ಹೇಳಿದಳು:

“ಅಕ್ಕೋರೆ, ಇನ್ನೊಮ್ಮಿ ಈ ಮಂಗ್ಯಾ ಹಿಂಗ ಮಾಡಿದ್ರ ನಾ ಬ್ಯಾರೆ ಮನಿ ನೋಡ್ಕೋತೀನ್ರಿ.”

ಅವಳು ಹೋದ ಮೇಲೆ ನನ್ನ ಗಂಡ ಶ್ರೀಧರ ತೀರ್ಪು ಕೊಟ್ಟ. “ಭಾನುವಾರದವರೆಗೆ ಟೈಮ್ ಕಣೇ. ಅಷ್ಟರೊಳಗೆ ಇವನು ಕಚ್ಚೋದು ಬಿಡ್ಲಿಲ್ಲ ಅಂದ್ರೆ ಸಾಸವಡದಲ್ಲಿರೋ ನನ್ನ ಫ್ರೆಂಡ್ ತೋಟಕ್ಕೆ ಕಳಿಸ್ಬಿಡೋಣ. ಮಲ್ಲಮ್ಮ ಬಿಟ್ಟು ಹೋದ್ರೆ ಪಾತ್ರೆ ನೀನು ತೊಳೀತೀಯಾ?”

(‘ನೀನು’ ಅಂದದ್ದನ್ನು ಗಮನಿಸಿ. ‘ನಾವು’ ಅಲ್ಲ!)

ಕೋಡುಬಳೆ ಇಲ್ಲದ ಮನೆಯನ್ನು ಯೋಚಿಸಲೂ ನನಗೆ ಇಷ್ಟವಿರಲಿಲ್ಲ.

ಪ್ರಯತ್ನ ಮಾಡಿರಲಿಲ್ಲವೇ? ಮಾಡಿದ್ದೆ. ಕಚ್ಚಿದಾಗ ಜೋರಾಗಿ ಕಿರುಚಿ ಎಂದು ಯಾವುದೋ ವಿಡಿಯೋ ಹೇಳಿತು. ಕಿರುಚಿದೆ. ಅವನಿಗೆ ಅದು ಹೊಸ ಆಟ ಅನ್ನಿಸಿತು. ಕಚ್ಚಲು ರಬ್ಬರ್ ಮೂಳೆ ತಂದುಕೊಟ್ಟೆ. ಅದನ್ನು ಪಕ್ಕಕ್ಕಿಟ್ಟು ಶ್ರೀಧರನ ಚಪ್ಪಲಿ ಮುಗಿಸಿದ. ಕೊನೆಗೆ ಉಳಿದದ್ದು ಬಿಸ್ಕತ್ತು. ಕೈ ಕಚ್ಚಿದನೋ, ಮೂಗಿನ ಮುಂದೆ ಬಿಸ್ಕತ್ತು ಹಿಡಿದರೆ ಸಾಕು, ತಕ್ಷಣ ಬಿಡುತ್ತಿದ್ದ. ನಮ್ಮನೆಯ ರೂಢಿಯೇ ಹಾಗೆ. ಯಾರು ರಂಪ ಮಾಡಿದರೂ ತಿನ್ನಲೋ ಕುಡಿಯಲೋ ಕೊಟ್ಟು ಸಮಾಧಾನ ಮಾಡುತ್ತೇವೆ. ನಾನು ಸಿಡುಕಿದರೆ ಶ್ರೀಧರ ತೆಪ್ಪಗೆ ಹೋಗಿ ಫಿಲ್ಟರ್ ಕಾಫಿ ಬೆರೆಸಿ ತರುತ್ತಾನೆ.

ಗುರುವಾರ ಮಲ್ಲಮ್ಮ ಪೊರಕೆ ನಿಲ್ಲಿಸಿ ಈ ಬಿಸ್ಕತ್ತು ಸೇವೆಯನ್ನು ನೋಡಿದಳು. ಬಿದ್ದು ಬಿದ್ದು ನಕ್ಕಳು.

“ಕಡದ್ರ ಬಿಸ್ಕಿಟ್ ಕೊಡ್ತೀರಲ್ರಿ, ಕಡೀದ ಮತ್ತೇನ್ ಮಾಡ್ತದ? ಅದು ಭಾಳ ಶಾಣ್ಯಾ ಅದರಿ. ದಡ್ಡರು ನಾವ!”

ನಾವು ಅಂದದ್ದು ಮರ್ಯಾದೆಗೆ. ದಡ್ಡಿ ಯಾರೆಂದು ಇಬ್ಬರಿಗೂ ಗೊತ್ತಿತ್ತು.

“ಹಂಗಾದ್ರೆ ಏನು ಮಾಡ್ಲಿ ಮಲ್ಲಮ್ಮ?”

“ಮಾತು ಬಿಡ್ರಿ. ಬಯ್ಯಬ್ಯಾಡ್ರಿ, ಹೊಡೀಬ್ಯಾಡ್ರಿ. ಕೈ ಕಟ್ಟಿ, ಗ್ವಾಡಿ ಕಡೆ ಮಾರಿ ಮಾಡಿ ನಿಂದ್ರರಿ. ಸುಮ್ಮಾದ ಮ್ಯಾಲ ಮಾತಾಡಸ್ರಿ.”

ಅಯ್ಯೋ, ಇದು ನಾವು ಚಿಕ್ಕವರಿದ್ದಾಗ ಬಿಡುತ್ತಿದ್ದ ‘ಟೂ’ ಅಲ್ಲವೇ! ಸಿಟ್ಟು ಬಂದರೆ ಟೂ, ಸರಿಹೋದರೆ ಮತ್ತೆ ಫ್ರೆಂಡ್ಸ್. ವಿಡಿಯೋಗಳನ್ನೆಲ್ಲ ನೋಡಿದ ನನಗೆ ಇದು ಹೊಳೆದಿರಲೇ ಇಲ್ಲ.

ಹೇಳಿದಷ್ಟು ಸುಲಭವಲ್ಲ ಬಿಡಿ. ನಾನು ಗೋಡೆ ನೋಡುತ್ತ ನಿಂತರೆ ಅವನು ಹಿಂದೆ ಕೂತು ಕುಂಯ್ ಕುಂಯ್ ಅನ್ನುವುದು. ತಿರುಗಿ ಎತ್ತಿಕೊಳ್ಳಲು ಜೀವ ಚಡಪಡಿಸುತ್ತಿತ್ತು. ಸಾಸವಡದ ತೋಟ ನೆನೆದು ತಡೆದುಕೊಂಡೆ. ಶ್ರೀಧರನೂ ಕೈ ಕಟ್ಟಿ ನಿಂತ. ಶುಕ್ರವಾರ ಲೆಕ್ಕವಿಲ್ಲದಷ್ಟು ಸಲ ಟೂ ಆಯಿತು, ಶನಿವಾರ ಕಮ್ಮಿಯಾಯಿತು.

ಭಾನುವಾರ ಮಲ್ಲಮ್ಮ ಬಂದಳು. ನಾನು ಹೊಸ ಸೀರೆ ಕೊಡಿಸಿದ್ದರೂ, ಹೊಲಿಗೆ ಹಾಕಿದ ಅದೇ ಹಳೆಯದನ್ನು ಉಟ್ಟಿದ್ದಳು. (ಪರೀಕ್ಷೆಗೆ ಹೊಸ ಸೀರೆ ಯಾರು ಉಡುತ್ತಾರೆ?) ಕೋಡುಬಳೆ ಓಡಿ ಬಂದ. ಅಂಚು ಮೂಸಿದ. ಬಾಯಿ ತೆರೆದ. ಅವಳ ಮುಖವನ್ನೊಮ್ಮೆ ನೋಡಿ, ಬಾಯಿ ಮುಚ್ಚಿ, ಕಾಲ ಬಳಿ ಕುಳಿತುಬಿಟ್ಟ.

“ಶಾಣ್ಯಾ ನನ್ನ ಮಂಗ್ಯಾ!” ಎಂದು ಮಲ್ಲಮ್ಮ ಅವನ ಕಿವಿ ಕೆರೆದಳು. ನನಗೆ ಕಣ್ಣು ತುಂಬಿ ಬಂತು. ಇಬ್ಬರೂ ಉಳಿದರು.

ಸೋಮವಾರ ಬೆಳಗ್ಗೆ ಹಾಸಿಗೆಯ ಮೇಲೆ ಒದ್ದೆ ಟವೆಲ್ ಕಂಡಿತು. ಎಂದಿನಂತೆ ಶ್ರೀಧರನ ಮೇಲೆ ಹರಿಹಾಯ್ದೆ. ಎಂದಿನಂತೆ ಕಾಫಿಗೆ ಕಾದೆ. ಅಡುಗೆಮನೆಯಲ್ಲಿ ಲೋಟದ ಸದ್ದೇ ಇಲ್ಲ. ಹೋಗಿ ನೋಡಿದರೆ, ಪುಣ್ಯಾತ್ಮ ಕೈ ಕಟ್ಟಿಕೊಂಡು ಗೋಡೆ ನೋಡುತ್ತ ನಿಂತಿದ್ದಾನೆ!

ನಾಯಿಮರಿಯೇನೋ ಉಳಿಯಿತು, ಇನ್ನು ನನ್ನ ಕಾಫಿಯ ಗತಿ?