ಪಕ್ಕದ ಮನೆಯ ಚಿಕ್ಕಮ್ಮ

ಎರಡು ಸಾವಿರದ ಆಸುಪಾಸಿನ ಮಾತು. ತುಮಕೂರಿನಲ್ಲಿ ನಾವಿದ್ದ ವಠಾರದಲ್ಲಿ ಕಲರ್ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಸಂಜೆಯ ಧಾರಾವಾಹಿಗೆ ಹೆಂಗಸರೆಲ್ಲ ಬರುತ್ತಿದ್ದರು. ಆ ಧಾರಾವಾಹಿಯಲ್ಲೊಬ್ಬಳು ಮಲತಾಯಿ. ಮೈತುಂಬ ಒಡವೆ, ಓರೆನೋಟ. ಮಗುವಿನ ಹಾಲಿಗೆ ಅವಳು ಏನೋ ಪುಡಿ ಬೆರೆಸುವಾಗ ನಾವೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು.

ಅದೇ ದಿನಗಳಲ್ಲಿ ಪಕ್ಕದ ಮನೆಗೆ ಕುಣಿಗಲ್ ಕಡೆಯ ಹೆಣ್ಣುಮಗಳೊಬ್ಬಳು ಎರಡನೇ ಹೆಂಡತಿಯಾಗಿ ಬಂದಳು. ಗಂಡ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿದ್ದ. ತಾಯಿ ಇಲ್ಲದ ಆರು ವರ್ಷದ ಮಗಳಿದ್ದಳು. ಆ ಮಗು ಟಿವಿಯ ಎದುರಿಗೇ ಕೂರುತ್ತಿತ್ತು. "ಹುಷಾರು ಕಣೇ," ಎಂದು ಹೆಂಗಸರು ಅದರ ಕೆನ್ನೆ ಹಿಂಡುತ್ತಿದ್ದರು. ಕಾನ್ವೆಂಟಿನಲ್ಲಿ ಕೆಟ್ಟ ಮಲತಾಯಿಯರ ಇಂಗ್ಲಿಷ್ ಕಥೆಗಳನ್ನೇ ಓದಿ ಬೆಳೆದ ನಾನೂ, "ಹೊಟ್ಟೆತುಂಬ ಊಟ ಹಾಕ್ತಾರಾ ಪುಟ್ಟಾ?" ಎಂದು ಕೇಳಿದ್ದುಂಟು.

ಒಂದು ಬೆಳಿಗ್ಗೆ ಅವರ ಬಾಗಿಲ ಬಳಿಯ ಕನಕಾಂಬರದ ಕುಂಡದಲ್ಲಿ ಮಣ್ಣು ಬೆಳ್ಳಗಾಗಿ ಇರುವೆ ಮುತ್ತಿದ್ದು ಕಂಡೆ. ಮಗು ತನ್ನ ಹಾಲನ್ನು ಅಲ್ಲಿ ಚೆಲ್ಲುತ್ತಿತ್ತು. ಮುಜುಗರದಿಂದಲೇ ಅದರ ಚಿಕ್ಕಮ್ಮನಿಗೆ ಹೇಳಿದೆ.

"ಗೊತ್ತು ಬುಡಿ ಅಕ್ಕ. ಮಗೀಗಿಂತ ಗಿಡಾನೇ ದಪ್ಪ ಆಗೈತೆ," ಎಂದು ನಕ್ಕಳು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದಳು.

"ನಾಳೆಯಿಂದ ಆ ಧಾರಾವಾಹಿ ಹಾಕೋದಿಲ್ಲ," ಎಂದೆ.

"ಬೇಡಿ. ನಾನೇ ನಿಲ್ಸಿದ್ದು ಅಂದ್ಕೋತಾಳೆ. ನಾನೂ ಬತ್ತೀನಿ ನೋಡಾಕೆ."

ಬಂದಳು. ಟಿವಿಯ ಮಲತಾಯಿ ಲೋಟ ಹಿಡಿದು ನಿಂತಾಗ ಇವಳು, "ಅಷ್ಟೊಂದು ಒಡವೆ ಹಾಕ್ಕಂಡು ಹಾಲು ಕಾಯ್ಸಕ್ಕೆ ಎಷ್ಟೊತ್ತಿಗೆ ಎದ್ಲೋ ಪಾಪ," ಎಂದಳು. ಎಲ್ಲರಿಗಿಂತ ಮೊದಲು ಮಗುವೇ ನಕ್ಕಿತು.

ಮರುದಿನ ಹೆಪ್ಪಿಗೆ ಮೊಸರು ಕೇಳಲು ಹೋದಾಗ ಅಡಿಗೆಮನೆಯಲ್ಲಿ ಮಗುವಿನ ಮುಂದೆ ಎರಡು ಲೋಟ ಹಾಲಿತ್ತು. "ಇವತ್ತು ನನ್ ಹಾಲಿಗೆ ನೀನೇ ಸಕ್ಕರೆ ಹಾಕ್ಕೊಡು," ಎಂದು ಅವಳು ಒಲೆಯ ಕಡೆ ತಿರುಗಿಕೊಂಡಳು. ಮಗು ಸಕ್ಕರೆ ಡಬ್ಬಿ ಬಿಟ್ಟು ಉಪ್ಪಿನ ಡಬ್ಬಿಗೆ ಕೈ ಹಾಕಿದ್ದನ್ನು ಬಾಗಿಲಲ್ಲಿದ್ದ ನಾನು ನೋಡಿದೆ.

ಅವಳು ಲೋಟದೊಳಗೆ ನೋಡದೆ ಕುಡಿದಳು. ಮೊದಲ ಗುಟುಕಿಗೆ ಹುಬ್ಬು ಗಂಟಾಯಿತು. ಆದರೂ ತಳ ಕಾಣುವವರೆಗೆ ಕುಡಿದು, ಬಾಯಿ ಒರೆಸಿಕೊಂಡು, "ಉಪ್ಪು ಒಂಚೂರು ಜಾಸ್ತಿ ಆಯ್ತು ಕಣೇ," ಎಂದಳು. ಆ ದನಿಯಲ್ಲಿ ಕೋಪವನ್ನು ಹುಡುಕಿದೆ, ಇರಲಿಲ್ಲ. ಹೆತ್ತ ಮಕ್ಕಳಿಗೂ ನಾನು ಅಷ್ಟು ತಾಳ್ಮೆ ತೋರಿದ ನೆನಪಿಲ್ಲ.

ಮಗು ಖಾಲಿ ಲೋಟದೊಳಗೆ ಇಣುಕಿ ನೋಡಿತು. ಆಮೇಲೆ ತನ್ನ ಲೋಟವನ್ನು ಅವಳತ್ತ ತಳ್ಳಿ, "ನಂದಕ್ಕೆ ನೀನ್ ಹಾಕು ಚಿಕ್ಕಮ್ಮ. ಎರಡು ಚಮಚ," ಎಂದಿತು.