ಚೆನ್ನಮ್ಮನ ಸಾಕ್ಷಿಯ ನೋಟುಬುಕ್ಕು

ಚೆನ್ನಮ್ಮ ಇನ್ನೊಬ್ಬರ ಬಾಯಿಗೆ ತನ್ನ ಮಾತು ತುರುಕುವ ಹೆಂಗಸು. ಎದುರಿಗೆ ಕೂತವರಿಗೂ ಹೇಳುವುದೇನಾದರೂ ಇರಬಹುದೆಂದು ಅರವತ್ತೆಂಟು ವರ್ಷಗಳಲ್ಲಿ ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಇದು ಅವಳ ಅತ್ತಿಗೆ ಇಂದಿರಮ್ಮನವರ ತೀರ್ಮಾನ. ಇಂದಿರಮ್ಮ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು; ಹತ್ತು ಸಲ ತಿರುಗಿಸಿ ನೋಡದೆ ಒಂದು ಎಲೆಗೂ ಹೆಸರು ಹೇಳಿದವರಲ್ಲ. ಚೆನ್ನಮ್ಮನನ್ನಂತೂ ಅವರು ನಲವತ್ತು ವರ್ಷ ನೋಡಿದ್ದರು.

ಇಬ್ಬರೂ ಧಾರವಾಡದ ಕ್ರೈಸ್ತ ಮನೆತನದವರು. ಚೆನ್ನಮ್ಮ ರೈಲ್ವೆಯ ತೆಲುಗು ಗಂಡನನ್ನು ಕಟ್ಟಿಕೊಂಡು ವಿಜಯವಾಡದ ಪಟಮಟಕ್ಕೆ ಹೋದಳು. ಅವಳ ಅಣ್ಣನ ಕೈಹಿಡಿದ ಇಂದಿರಮ್ಮ ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದರು. ಈಗ ಇಬ್ಬರ ಗಂಡಂದಿರೂ ಇಲ್ಲ. ಇಂದಿರಮ್ಮ ತಮ್ಮ ನಂಬಿಕೆಯನ್ನು ಹಲ್ಲುಜ್ಜುವ ಬ್ರಷ್ಷಿನಂತೆ ಸ್ವಂತಕ್ಕೆ ಇಟ್ಟುಕೊಂಡವರು. ಚೆನ್ನಮ್ಮನದು ಊರ ಬಾವಿಯ ಹಗ್ಗ, ಸಿಕ್ಕವರ ಕೈಗೆಲ್ಲ ಕೊಡುತ್ತಿದ್ದಳು.

ಪಟಮಟದ ಚರ್ಚಿನ ಸಭೆಯಲ್ಲಿ ಅವಳಿಗೊಂದು ಕೆಲಸವಿತ್ತು. ಹೊಸದಾಗಿ ಬಂದ ಹೆಣ್ಣುಮಕ್ಕಳನ್ನು ದೀಕ್ಷಾಸ್ನಾನಕ್ಕೆ ತಯಾರು ಮಾಡುವುದು. ನೀರಿಗಿಳಿಯುವ ಮೊದಲು ಪ್ರತಿಯೊಬ್ಬಳೂ ಮೈಕಿನ ಮುಂದೆ ನಿಂತು ತಾನು ಹೇಗೆ ನಂಬಿದೆ ಎಂದು ಸಾಕ್ಷಿ ಹೇಳಬೇಕು. ಬಹಳ ಹಿಂದೆ ಒಬ್ಬಾಕೆ ಮೈಕು ಕಂಡು ಬಾಯಿ ಒಣಗಿ ಅಳುತ್ತಾ ನಿಂತುಬಿಟ್ಟಳಂತೆ. ಚೆನ್ನಮ್ಮ ಅಲ್ಲೇ ತೆಲುಗಿನಲ್ಲಿ ನಾಲ್ಕು ಸಾಲು ಬರೆದು ಕೈಗೆ ಕೊಟ್ಟಳು. ಅಂದಿನಿಂದ ಆ ನಾಲ್ಕು ಸಾಲು ನಿಂತದ್ದೇ ಇಲ್ಲ. ‘ನಾನು ಕತ್ತಲೆಯಲ್ಲಿದ್ದೆ. ನನಗೆ ಶಾಂತಿ ಇರಲಿಲ್ಲ. ಯೇಸು ನನ್ನನ್ನು ಹೆಸರು ಹಿಡಿದು ಕರೆದನು. ಈಗ ನನ್ನ ಮನೆಯಲ್ಲಿ ಬೆಳಕಿದೆ.’ ಮೂವತ್ತೊಂದು ಹೆಂಗಸರು ಇದನ್ನೇ ಒಪ್ಪಿಸಿ ನೀರಿಗಿಳಿದಿದ್ದರು; ಆ ಸಾಲುಗಳ ಜೊತೆ ಅವರ ಹೆಸರೆಲ್ಲ ಚೆನ್ನಮ್ಮನ ನೋಟುಬುಕ್ಕಿನಲ್ಲಿದ್ದವು.

“ಪರೀಕ್ಷೆಯೊಳಗ ಇದಕ್ಕ ನಕಲು ಅಂತಾರ, ಚೆನ್ನವ್ವಾ,” ಎಂದಿದ್ದರು ಇಂದಿರಮ್ಮ.

“ಕರ್ತನ ಪ್ರಾರ್ಥನಾ ದಿನಾ ಹೇಳ್ತೀರಲ್ಲ ವೈನಿ, ಅದನ್ನೇನು ನೀವು ಬರದೀರಿ?”

ಇಂಥವಳ ಜೊತೆ ವಾದ ಮಾಡುವುದು ಗೋಡೆಗೆ ತಲೆ ಚಚ್ಚಿಕೊಂಡ ಹಾಗೆ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಇಂದಿರಮ್ಮನವರ ಮೊಣಕಾಲಿಗೆ ಆಪರೇಷನ್ ಆಯಿತು. ಆರೈಕೆಗೆಂದು ಚೆನ್ನಮ್ಮ ಆರು ವಾರಕ್ಕೆ ಬಂದಿಳಿದಳು. ದಿನಾ ವ್ಯಾಯಾಮ ಮಾಡಿಸಲು ಅಖಿಲಾ ಎಂಬ ಫಿಸಿಯೋಥೆರಪಿಸ್ಟ್ ಹುಡುಗಿಯನ್ನು ಗೊತ್ತುಮಾಡಿದವಳೂ ಅವಳೇ. ಯಾಕೆಂದು ಎರಡೇ ದಿನದಲ್ಲಿ ತಿಳಿಯಿತು. ಅಖಿಲಾ ಮದುವೆಯಾಗಬೇಕೆಂದಿದ್ದ ಅಶೋಕ ಪಟಮಟದ ಸಭೆಯವನು. ಹುಡುಗಿ ಹಿಂದೂ. ದೀಕ್ಷಾಸ್ನಾನವಾಗದೆ ಸಭೆಯಲ್ಲಿ ಮದುವೆಯಿಲ್ಲ. ಸಭೆಯಲ್ಲಿ ಮದುವೆಯಿಲ್ಲದೆ ಅಶೋಕನ ತಾಯಿ ಒಪ್ಪುವುದಿಲ್ಲ. ಮಾರ್ಚಿನ ಮೊದಲ ಭಾನುವಾರ ಸ್ನಾನವೆಂದು ನಿಶ್ಚಯವಾಗಿತ್ತು. ಅತ್ತಿಗೆಯ ಮೊಣಕಾಲೂ ಆಯಿತು, ಹುಡುಗಿಯ ಆತ್ಮವೂ ಆಯಿತು ಎಂದು ಚೆನ್ನಮ್ಮ ಲೆಕ್ಕ ಹಾಕಿದ್ದಳು.

ಅಖಿಲಾಳ ತಾಯಿ ಬಳ್ಳಾರಿಯವರು, ತಂದೆ ತೆಲುಗಿನವರು. ಹುಡುಗಿಯ ಕನ್ನಡ ತಡವರಿಸಿಕೊಂಡು ಬರುತ್ತಿತ್ತು.

“ಅಮ್ಮಗಾರೂ, ಒಂದು ಡೌಟು,” ಎಂದಳು ಒಂದು ಬೆಳಿಗ್ಗೆ ಚೆನ್ನಮ್ಮನಿಗೆ, ಇಂದಿರಮ್ಮನ ಮೊಣಕಾಲನ್ನು ಬಗ್ಗಿಸಿ ಹಿಡಿದು. “ನಮ್ಮ ನಾನ್ನ, ಅಂದರೆ ಅಪ್ಪ, ಇದ್ದರಲ್ಲ...”

“ಸಂಶಯ ಬರೂದು ಸೈತಾನನ ಕಡಿಂದ. ಮೊದಲನೇ ಸಾಲು ಹೇಳು.”

“ನಾನು ಕತ್ತಲೆಯಲ್ಲಿದ್ದೆ. ಅದೇ ಅಮ್ಮಗಾರೂ, ಆ ಸಾಲೇ...”

“ಎರಡನೇದು?”

“ಏ, ಕಾಲು ಬಿಡೇ ತಾಯಿ!” ಇಂದಿರಮ್ಮ ಕೂಗಿದರು. “ನಿಮ್ಮಿಬ್ಬರ ಕತ್ತಲಿ ಬೆಳಕಿನೊಳಗ ನನ್ನ ಮೊಣಕಾಲು ಹೋತು!”

ಅಖಿಲಾ ಗಾಬರಿಯಾಗಿ ಕಾಲು ಇಳಿಸಿ, ಹತ್ತು ಸಲ ‘ಸಾರಿ’ ಎಂದಳು. ಚೆನ್ನಮ್ಮ ಮಾತ್ರ ನೋಟುಬುಕ್ಕಿನಿಂದ ತಲೆಯೆತ್ತಲಿಲ್ಲ.

ಹುಡುಗಿ ಹೋದ ಮೇಲೆ ಇಂದಿರಮ್ಮ ಹೇಳಿದರು: “ಆ ಹುಡುಗಿ ಏನೋ ಕೇಳಬೇಕಂತಾಳ. ಬಾಯಿ ತೆಗೀಲಿಕ್ಕೆ ಬಿಡು.”

“ಎಲ್ಲಾರೂ ಕೇಳೂದು ಅದನ್ನ, ವೈನಿ. ಉತ್ತರ ನನಗ ಬಾಯಿಪಾಠ ಐತಿ.”

“ಪ್ರಶ್ನಾ ಕೇಳೂಕಿಂತ ಮೊದಲ?”

“ಟೈಮ್ ಉಳೀತದ.”

ಹೀಗೆ ಐದು ವಾರ. ಪ್ರಶ್ನೆ ಅರ್ಧದಲ್ಲಿ ತುಂಡಾಗುತ್ತಿತ್ತು, ಉತ್ತರ ಪೂರ್ತಿ ಬರುತ್ತಿತ್ತು. ಇಂದಿರಮ್ಮ ಮೆಟ್ಟಿಲಿಳಿಯಲು ಕಲಿತರು. ಅಖಿಲಾ ಕೊನೆಕೊನೆಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಚೆನ್ನಮ್ಮ ಅದನ್ನು ತನ್ನ ಗೆಲುವೆಂದು ತಿಳಿದಳು.

ಆದರೆ ಒಂದು ದಿನ, ಚೆನ್ನಮ್ಮ ತರಕಾರಿಗೆ ಹೋಗಿದ್ದಾಗ, ಹುಡುಗಿ ಇಂದಿರಮ್ಮನ ಕಾಲಿನ ಬಳಿ ಕೂತು ಕೇಳಿದಳು: “ಮೇಡಂ, ಒಂದು ಸುಳ್ಳು ಹೇಳಿ ನೀರಿಗೆ ಇಳಿದರೆ ಏನಾಗುತ್ತೆ?”

“ಒದ್ದೆ ಆಗ್ತೀ,” ಎಂದರು ಇಂದಿರಮ್ಮ.

ಅಖಿಲಾ ನಗಲಿಲ್ಲ. “ಹೇಳದಿದ್ದರೆ ಅಶೋಕ ಇಲ್ಲ. ಹೇಳಿದರೆ... ನನ್ನ ಮುಖ ನಾನೇ ನೋಡಿಕೊಳ್ಳಲಾರೆ. ನೀವೂ ಬನ್ನಿ ಮೇಡಂ ವಿಜಯವಾಡಕ್ಕೆ.”

ಇಂದಿರಮ್ಮ ಗೋಡೆಗೆ ಒರಗಿಸಿದ್ದ ತಮ್ಮ ಊರುಗೋಲನ್ನು ನೋಡಿದರು. ಹೋಗಲು ಒಪ್ಪಿದರು.

ಶನಿವಾರ ಬೆಳಗಿನ ರೈಲಿನಲ್ಲಿ ಮೂವರೂ ಹೊರಟರು. ತುನಿ ಸ್ಟೇಷನ್ ಬರುವಷ್ಟರಲ್ಲಿ ಚೆನ್ನಮ್ಮ ಎದುರು ಸೀಟಿನ ವಿಮಾ ಏಜೆಂಟನಿಗೆ ಸುವಾರ್ತೆ ಶುರುಮಾಡಿದ್ದಳು. ದಿನವಿಡೀ ಪರರ ಸಾವಿನ ಮಾತಾಡುವ ಆ ಮನುಷ್ಯನೂ ಗೋದಾವರಿ ದಾಟುವ ಮೊದಲೇ ನಿದ್ದೆ ಬಂದಂತೆ ನಟಿಸಿದ. ಅವನ ಕಣ್ಣುರೆಪ್ಪೆ ಅದುರುತ್ತಿದ್ದುದನ್ನು ಇಂದಿರಮ್ಮ ನೋಡಿದರು. ಚೆನ್ನಮ್ಮ ನೋಡಲಿಲ್ಲ. ಮಲಗಿದವನಿಗೇ ಇನ್ನೂ ಎರಡು ಸ್ಟೇಷನ್ ಹೇಳಿದಳು.

ಭಾನುವಾರ ಸಭೆ ತುಂಬಿತ್ತು. ಎಡಗಡೆ ಚಾಪೆಯ ಮೇಲೆ ಸೆರಗು ಹೊದ್ದ ಹೆಂಗಸರು, ಬಲಗಡೆ ಗಂಡಸರು, ಹಿಂದೆ ನೀರು ತುಂಬಿದ ತೊಟ್ಟಿ. ಮೊಣಕಾಲಿನ ದೆಸೆಯಿಂದ ಇಂದಿರಮ್ಮನಿಗೊಂದು ಕುರ್ಚಿ ಸಿಕ್ಕಿತು. ಅವರ ಕಾಲ ಬಳಿ, ಮುಂದಿನ ಸಾಲಿನಲ್ಲಿ, ಚೆನ್ನಮ್ಮ ನೋಟುಬುಕ್ಕು ಬಿಚ್ಚಿ ಕೂತಳು. ಯಾರಾದರೂ ಸಾಲು ಮರೆತರೆ ಎತ್ತಿಕೊಡಲು.

ಮೊದಲಿಬ್ಬರು ಹೆಂಗಸರು ಬಿಳಿ ಸೀರೆಯುಟ್ಟು ನಿಂತು ಸಾಕ್ಷಿ ಹೇಳಿದರು. ಕತ್ತಲೆ, ಶಾಂತಿ, ಹೆಸರು, ಬೆಳಕು. ಚಾಪೆಯ ಮೇಲಿದ್ದ ಹಳಬರ ತುಟಿಗಳೂ ಜೊತೆಗೆ ಆಡುತ್ತಿದ್ದವು. ಪ್ರತಿ ಸಲವೂ ಪಾಸ್ಟರು, “ನಿಜವೇ ಚೆನ್ನಮ್ಮಗಾರೂ?” ಎಂದು ಕೇಳಿದರು. ಚೆನ್ನಮ್ಮ ಎದ್ದು, “ನಿಜ, ನಾನು ಹೊಣೆ,” ಎಂದಳು.

ಆಮೇಲೆ ಅಖಿಲಾ. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ತೆಲುಗಿನಲ್ಲಿ ತನ್ನ ಹೆಸರು ಹೇಳಿ ಚೆನ್ನಮ್ಮನ ಕಡೆ ನೋಡಿದಳು.

“ಕತ್ತಲೆಯಲ್ಲಿದ್ದೆ,” ಚೆನ್ನಮ್ಮ ಕೆಳಗಿನಿಂದ ಎತ್ತಿಕೊಟ್ಟಳು.

“ಹಾಗಂತ ಬರೆದುಕೊಟ್ಟಿದ್ದಾರೆ,” ಎಂದಳು ಅಖಿಲಾ. “ನಮ್ಮ ಮನೆಯಲ್ಲಿ ಕತ್ತಲೆ ಇರಲಿಲ್ಲ. ನಮ್ಮ ನಾನ್ನ ದಿನಾ ದೀಪ ಹಚ್ಚಿ, ಆಮೇಲೆ ಎಲ್ಲರಿಗೂ ಕಾಫಿ ಮಾಡುತ್ತಿದ್ದರು. ಯಾರಿಗೂ ಮೋಸ ಮಾಡಲಿಲ್ಲ. ಅವರು ಹೋಗಿ ಎರಡು ವರ್ಷ.”

“ಶಾಂತಿ ಇರಲಿಲ್ಲ,” ಚೆನ್ನಮ್ಮ ಸ್ವಲ್ಪ ಗಟ್ಟಿಯಾಗಿ ಅಂದಳು. ಇಂದಿರಮ್ಮನಿಗೆ ಕೋಲಿನಿಂದ ಅವಳ ಬೆನ್ನು ತಿವಿಯಬೇಕೆನ್ನಿಸಿತು.

“ಯೇಸುವಿನ ಮಾತು ಓದಿದರೆ ನನಗೆ ಎದೆ ತುಂಬಿ ಬರುತ್ತೆ. ಅದು ನಂಬಿಕೆಯೋ, ಅಶೋಕನ ಮೇಲಿನ ಆಸೆಯೋ, ಬಿಡಿಸಿ ನೋಡಲು ನನಗೆ ಬರುತ್ತಿಲ್ಲ. ಗೊತ್ತಾಗುವ ತನಕ ನೀರಿಗೆ ಇಳಿಯಲಾರೆ. ಮದುವೆ ನಿಂತರೂ ಸರಿಯೇ...” ಗಂಡಸರ ಕಡೆ ಅಶೋಕ ತಲೆ ತಗ್ಗಿಸಿದ್ದ. ಅವನ ತಾಯಿ ಚಾಪೆಯಿಂದೆದ್ದು ಸೆರಗು ಕೊಡವಿ, ಬಾಗಿಲ ಕಡೆ ತಿರುಗಿದರು.

ಪಾಸ್ಟರು ಕೆಮ್ಮಿದರು. ಏನು ಮಾಡುವುದೆಂದು ತಿಳಿಯದೆ ರೂಢಿಯ ಮಾತನ್ನೇ ಕೇಳಿದರು: “ನಿಜವೇ, ಚೆನ್ನಮ್ಮಗಾರೂ?”

ಚೆನ್ನಮ್ಮ ಏಳಲಿಲ್ಲ. ಅವಳ ಬೆರಳು ಇನ್ನೂ ಮೂರನೆಯ ಸಾಲಿನ ಮೇಲಿತ್ತು. ಇನ್ನೇನು ಬೈಬಲ್ಲಿನ ಒಂದು ವಚನ ಸಿಡಿಯುತ್ತದೆ ಎಂದು ಇಂದಿರಮ್ಮ ಕೋಲು ಬಿಗಿಹಿಡಿದರು.

“ತಡೀರಿ ಅಯ್ಯಗಾರೂ,” ಎಂದಳು ಚೆನ್ನಮ್ಮ. “ಹುಡುಗಿ ಇನ್ನೂ ಮಾತಾಡುತ್ತಿದ್ದಾಳೆ.”

ಅಶೋಕನ ತಾಯಿ ಬಾಗಿಲಲ್ಲೇ ನಿಂತರು. ಚೆನ್ನಮ್ಮ ನೋಟುಬುಕ್ಕಿನ ಹಾಳೆ ತಿರುವುತ್ತಾ ಹೋದಳು, ಮೂವತ್ತಮೂರು ಹೆಸರು ದಾಟಿ, ಖಾಲಿ ಹಾಳೆ ಸಿಗುವ ತನಕ. ಹಿಂದಿರುಗಿ ನೋಡದೆ ಅತ್ತಿಗೆಯ ಕಡೆ ಕೈ ಚಾಚಿದಳು.

“ವೈನಿ, ಪೆನ್ ಕೊಡ್ರಿ.”

ಇಂದಿರಮ್ಮ ಕೊಟ್ಟರು. ಚೆನ್ನಮ್ಮ ಕನ್ನಡಕ ಸರಿಮಾಡಿಕೊಂಡು ಹುಡುಗಿಯತ್ತ ತಲೆಯೆತ್ತಿದಳು.

“ನಾನ್ನ ದೀಪ ಹಚ್ಚತಿದ್ದರು ಅಂದಿ,” ಎಂದಳು ಕನ್ನಡದಲ್ಲಿ, ಅಖಿಲಾಳಿಗೆ ಅರ್ಥವಾಗಲೆಂದು ಒಂದೊಂದೇ ಮಾತಾಗಿ. “ಸಾವಕಾಶ ಹೇಳವಾ. ನನ್ನ ಕೈ ನಿಧಾನ.”