ನಮ್ಮವರ ಕಾಲು ತೋರಿಸಿ ಹೇಳಿದ ಸ್ತೋತ್ರ

ಸಕ್ಕರೆ ಕಾಯಿಲೆಗೆ ನಮ್ಮನೆಯವರ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆದ ಮೇಲೆ, ಹಿಂದೂಪುರದ ನಮ್ಮ ಮನೆಗೆ ನೋಡಲು ಬಂದವರೆಲ್ಲ ಏನೋ ಲಾಭ ಮಾಡಿಕೊಂಡವರಂತೆ ವಾಪಸು ಹೋಗುತ್ತಿದ್ದರು. ಮಂಚದ ಪಕ್ಕ ಕೂರುವುದು, ಮಡಚಿದ ಪಂಚೆಯ ಕಡೆ ಒಮ್ಮೆ ಕಣ್ಣಾಡಿಸುವುದು, "ಎಲ್ಲದಕ್ಕೂ ಸ್ತೋತ್ರ ಮಾಡ್ಬೇಕು ಅಂತ ವಾಕ್ಯದಾಗೇ ಐತಲ್ಲಮ್ಮ" ಎನ್ನುವುದು, ಹೊಸಿಲು ದಾಟುವಾಗ ತಮ್ಮ ಮೊಣಕಾಲು ಸವರಿಕೊಳ್ಳುವುದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೈಬಲಿನ ಆ ವಾಕ್ಯ ನನಗೂ ಗೊತ್ತು. ಅದನ್ನು ಬರೆದಾತ ಸೆರೆಮನೆ ಕಂಡವನು, ತನ್ನ ಸಂಕಟದೊಳಗಿದ್ದು ಹೇಳಿದ. ಇನ್ನೊಬ್ಬನ ಮಂಚದ ಪಕ್ಕ ಕಾಫಿ ಕುಡಿಯುತ್ತಾ ಹೇಳಲಿಲ್ಲ.

ನಮ್ಮನೆಯವರು ಹೊರಗೆ ಬರುವುದನ್ನೇ ಬಿಟ್ಟರು. ಭಾನುವಾರ ಚರ್ಚಿಗೂ ಇಲ್ಲ. ಕಲ್ಯಾಣದುರ್ಗದಲ್ಲಿ ಭಾವನವರು ಹೊಸ ಮನೆ ಕಟ್ಟಿ ಕೃತಜ್ಞತಾ ಕೂಟ ಇಟ್ಟುಕೊಂಡಾಗ ನಾನೇ ಕಾಡಿ ಬೇಡಿ ಹೊರಡಿಸಿದೆ.

"ಸ್ವಂತ ಅಣ್ಣನ ಮನೆ ಕಣ್ರೀ. ಅಲ್ಲಿ ಯಾರೇನಂತಾರೆ?"

"ಬತ್ತೀನಿ. ಅಲ್ಲೂ ಹಿಂಗೇ ಆದ್ರೆ ಇನ್ನೆಲ್ಲಿಗೂ ಕರೀಬ್ಯಾಡ."

ನಮ್ಮ ಕಡೆ ಕೂಟಗಳಲ್ಲಿ ಊಟಕ್ಕೆ ಮೊದಲು ಒಬ್ಬೊಬ್ಬರೂ ಎದ್ದು ದೇವರ ಒಂದು ಉಪಕಾರ ನೆನೆದು ಸ್ತೋತ್ರ ಹೇಳುತ್ತಾರೆ. ಮೊದಲು ಎದ್ದವಳು ಮನೆಯೊಡತಿ, ನನ್ನ ಓರಗಿತ್ತಿ. ಹೊಸ ಮನೆಗೆ ಸ್ತೋತ್ರ ಹೇಳುತ್ತಾಳೆ ಅಂದುಕೊಂಡೆ. ಅವಳು ತಲೆ ಮೇಲೆ ಸೆರಗು ಹೊದ್ದು ನಮ್ಮವರ ಕಡೆ ಕೈ ತೋರಿಸಿದಳು.

"ನಮ್ ಮೈದುನನ್ನ ನೋಡಿದ್ರೆ ಕರುಳು ಚುರುಕ್ ಅಂತದೆ. ನಮ್ಮನ್ನ ಹಂಗ್ ಮಾಡ್ದೆ ಕೈಕಾಲು ನೆಟ್ಟಗಿಟ್ಟವ್ನೆ ಪ್ರಭು. ಸ್ತೋತ್ರಮಯ್ಯಾ!"

"ದೇವುನಿಕಿ ಸ್ತೋತ್ರಂ" ಎಂದು ತೆಲುಗಿನಲ್ಲಿ ದನಿಗೂಡಿಸಿತು ಮನೆಯೆಲ್ಲ. ಸೆಟ್ಟೂರಿನಿಂದ ಬಂದಿದ್ದ ಅವಳ ತಂಗಿಯೂ ಎದ್ದು ಅದನ್ನೇ ಹೇಳಿದಳು. ಇವರು ತಲೆ ತಗ್ಗಿಸಿ ಕುರ್ಚಿಯಲ್ಲಿ ಕುಗ್ಗುತ್ತಿದ್ದರು.

ನನಗೆ ಮೈಯೆಲ್ಲ ಉರಿದುಹೋಯಿತು.

"ಅಕ್ಕಾ, ಬೈಬಲಿನ ಕಥೇಲಿ ದೇವಾಲಯದಾಗೆ ನಿಂತ್ಕಂಡು, ಪಕ್ಕದ ಸುಂಕದವನನ್ನ ತೋರ್ಸಿ, ನಾನು ಇವನಂಗಿಲ್ಲ, ಸ್ತೋತ್ರ ಅಂದ್ನಲ್ಲ ಆ ಮಡಿವಂತ ಫರಿಸಾಯ, ಅವನ ಸ್ತೋತ್ರ ದೇವ್ರು ತಗಂಡ್ನಾ? ಅಯ್ಯಗಾರೂ, ನೀವೇ ಹೇಳಿ!"

ಕೂಟ ನಡೆಸಲು ಬಂದಿದ್ದ ಪಾಸ್ಟರು ಬೈಬಲಿನ ಪುಟ ತಿರುವತೊಡಗಿದರು. ಓರಗಿತ್ತಿ "ಕನಿಕರ ಪಟ್ಟಿದ್ದೂ ತಪ್ಪಾ?" ಎಂದು ಅಳಲು ಶುರುಮಾಡಿದಳು. ಕನಿಕರವಂತೆ! ಆ ಕನಿಕರಕ್ಕೆ ಗುರಿಯಾದವರನ್ನು ಯಾರಾದರೂ ಕೇಳಿದ್ದರೇ? ಆದರೂ ಒಳಗೆ ಭಯವಾಯಿತು. ನಾನೇ ರಂಪ ಮಾಡಿಬಿಟ್ಟೆ, ಇನ್ನು ಇವರು ಹೊಸಿಲು ದಾಟುವುದಿಲ್ಲ.

ಆಗ ಇವರು ಊರುಗೋಲು ಒತ್ತಿ ಎದ್ದರು.

"ಬೆಳಿಗ್ಗೆ ಬಸ್ಸಿನಾಗೆ ಕಿಟಕಿ ಪಕ್ಕ ಕೂತಿದ್ದೆ. ಸೋಮಂದೇಪಲ್ಲಿ ದಾಟ್ತಿದ್ದಂಗೆ ತಣ್ಣಗೆ ಗಾಳಿ ಬಂತು. ಇವಳು ನನ್ನ ಹೆಗಲ ಮ್ಯಾಲೆ ತಲೆ ಇಟ್ಟು ನಿದ್ದೆ ಮಾಡ್ಬುಟ್ಳು. ಅದುಕ್ಕೆ ಸ್ತೋತ್ರ, ಸ್ವಾಮಿ."

ಆಮೇಲೆ ಓರಗಿತ್ತಿಯ ಕಡೆ ತಿರುಗಿದರು. "ಅಳಬ್ಯಾಡ ಅತ್ತಿಗೆ. ನಿನಗೆ ಹೊಸ ಮನೆ ಕೊಟ್ಟವ್ನಲ್ಲ, ಅದುನ್ನ ಹೇಳು. ಅದುಕ್ಕೆ ಯಾರ ಕಾಲೂ ಹೋಗ್ಬೇಕಾಗಿಲ್ಲ."

"ಸ್ತೋತ್ರ" ಅಂತ ನಾನೊಬ್ಬಳೇ ಗಟ್ಟಿಯಾಗಿ ಹೇಳಿದೆ.

ಓರಗಿತ್ತಿಯ ಮೇಲಿನ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳುವ ಆತುರವೂ ನನಗಿಲ್ಲ. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ನಾನಿನ್ನೂ ಒಲೆಯ ಮುಂದೆಯೇ ಇದ್ದೆ. ಇವರು ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು.

"ಚರ್ಚಿಗೆ ಹೊತ್ತಾಯ್ತು ಕಣೇ. ನೀನಿನ್ನೂ ಸೀರೆನೇ ಉಟ್ಟಿಲ್ವಲ್ಲ?"